ಮೊಳೆ ಜೋಡಿಸಿದವರ ಕೂಲಿ ಎಲ್ಲಿಗೆ ಹೋಯ್ತು?

ನನ್ನ ಮಗಳು ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಕೆಲಸ ಮಾಡ್ತಾಳೆ. ಏನು ಕೆಲಸ ಅಂತ ನೆಂಟರು ಕೇಳಿದರೆ ‘ಸಾಫ್ಟ್‌ವೇರು’ ಅಂದುಬಿಡ್ತೀನಿ. ಹಾಗಂದರೆ ಮುಂದಿನ ಪ್ರಶ್ನೆ ಬರೋದಿಲ್ಲ. ನಿಜ ಹೇಳಬೇಕಂದ್ರೆ ಅವಳು ಮಾಡೋದು ಅವಳ ತಾತ ಮಾಡ್ತಿದ್ದ ಕೆಲಸವನ್ನೇ. ದೂರದ ದೇಶದ ವೈದ್ಯಕೀಯ ಪತ್ರಿಕೆಗಳ ಲೇಖನಗಳು ಅವಳ ಪರದೆಗೆ ಬರುತ್ತವೆ. ಅವನ್ನು ಪುಟಕ್ಕೆ ಕೂರಿಸಿ, ಕೋಷ್ಟಕ ಸರಿಮಾಡಿ, ಕರಡು ತಿದ್ದಿ ವಾಪಸ್ ಕಳಿಸುತ್ತಾಳೆ. ತಾತ ಚಾಮರಾಜಪೇಟೆಯ ಪ್ರೆಸ್ಸೊಂದರಲ್ಲಿ ನಿಂತುಕೊಂಡು ಮಾಡ್ತಿದ್ದ, ಇವಳು ಏಸಿಯಲ್ಲಿ ಕೂತು ಮಾಡ್ತಾಳೆ.

ಕಳೆದ ದೀಪಾವಳಿಗೆ ದಾಸರಹಳ್ಳಿಯ ನಮ್ಮ ಮನೆಗೆ ಬಂದಿದ್ದಾಗ ಲ್ಯಾಪ್‌ಟಾಪ್ ತೆಗೆದು ಒಂದು ಗೆರೆಚಿತ್ರ ತೋರಿಸಿದಳು. ಅಮೆರಿಕದ ಕಾರ್ಮಿಕ ಇಲಾಖೆಯ ಅಂಕಿಅಂಶದವರು ಮಾಡಿಟ್ಟದ್ದು. ಉದ್ಯಮ ಉದ್ಯಮಕ್ಕೂ 1987ರಿಂದ ಈಚೆಗೆ ಕೂಲಿಯ ಖರ್ಚು ವರ್ಷವರ್ಷ ಹೇಗೆ ಏರಿತು, ಇಳೀತು ಅನ್ನೋ ಲೆಕ್ಕ. ಅದರಲ್ಲಿ ವಾರಪತ್ರಿಕೆ ಮಾಸಪತ್ರಿಕೆಗಳ ಪ್ರಕಾಶನಕ್ಕೂ ಒಂದು ಗೆರೆ.

“ಅಪ್ಪ, ನಮ್ಮ ಕನ್ನಡ ಪತ್ರಿಕೆಗಳದ್ದೂ ಹೀಗೆ ಒಂದು ಗೆರೆ ಎಳೀಬಹುದಾ?” ಅಂದಳು.

ನನ್ನ ಹತ್ರ ಇದ್ದದ್ದು ಒಂದೇ ದಾಖಲೆ, ಅಪ್ಪನ ಲೆಕ್ಕದ ಪುಸ್ತಕ. ಕಿರಾಣಿ ಅಂಗಡಿಯಲ್ಲಿ ಇರ್ತಿತ್ತಲ್ಲ, ಕೆಂಪು ರಟ್ಟಿನ ಉದ್ದನೆಯ ಪುಸ್ತಕ, ಅಂಥದ್ದು. ಎಡಗಡೆ ತಾರೀಖು, ಮಧ್ಯೆ ಕೆಲಸದ ಹೆಸರು, ಬಲಗಡೆ ಎಷ್ಟು ಪುಟ ಜೋಡಿಸಿದ್ದು. ತಿಂಗಳ ಕೊನೆಗೆ ಕೈಗೆ ಬಂದ ದುಡ್ಡು. 1969ರಿಂದ 1991ರವರೆಗೆ. ಅಟ್ಟದ ಮೇಲಿನ ಟ್ರಂಕಿನಿಂದ ಅದನ್ನು ಇಳಿಸಿ ಧೂಳು ಕೊಡವಿದೆ. ಅಲ್ಲಿಂದ ಶುರುವಾದ ಲೆಕ್ಕ ಇದು.

ಅಪ್ಪನಿಗಿಂತ ಹಿಂದಿನ ಮಾತು ಮೊದಲು ಹೇಳಿಬಿಡ್ತೀನಿ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದದ್ದು 1843ರ ಜುಲೈ 1ರಂದು. ಈಗಲೂ ಜುಲೈ 1ನ್ನೇ ನಾವು ಪತ್ರಿಕಾ ದಿನ ಅಂತ ಆಚರಿಸೋದು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕ. ಅದು ಕಲ್ಲಚ್ಚಿನಲ್ಲಿ ಆದ ಮುದ್ರಣ. ಅಂದ್ರೆ ಅಚ್ಚುಮೊಳೆ ಇಲ್ಲ. ಒಬ್ಬ ಒಳ್ಳೆಯ ಅಕ್ಷರದವನು ಕೈಯಲ್ಲಿ ಬರೆಯಬೇಕು, ಆ ಬರಹ ಕಲ್ಲಿನ ಮೇಲೆ ಮೂಡಬೇಕು, ಅದರಿಂದ ಪ್ರತಿ ತೆಗೀಬೇಕು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯ್ತು. ಮೋಗ್ಲಿಂಗರ ಹೆಸರು ನಮ್ಮ ಮಕ್ಕಳ ಪಠ್ಯದಲ್ಲಿದೆ. ಕಲ್ಲಿಗಾಗಿ ಅಕ್ಷರ ಬರೆದವನ ಹೆಸರು ಯಾವ ಪಠ್ಯದಲ್ಲೂ ಇಲ್ಲ. ಅವನ ಸಂಬಳ ಪತ್ರಿಕೆ ಮಾರಿ ಬರಬೇಕಾಗಿರಲಿಲ್ಲ, ಮಿಷನ್ನಿನ ಖರ್ಚಿನಲ್ಲೇ ನಡೀತಿತ್ತು. ಕನ್ನಡ ಪತ್ರಿಕೆಯ ಕೂಲಿಯನ್ನು ಪತ್ರಿಕೆಯ ಹೊರಗಿನವರು ಯಾರೋ ಹೊರೋದು ಅನ್ನೋ ಪದ್ಧತಿ ಮೊದಲನೇ ದಿನದಿಂದಲೇ ಇದೆ ಅಂತ ನನಗನ್ನಿಸುತ್ತೆ.

ಆಮೇಲೆ ಹೊತ್ತವರು ಸಂಪಾದಕರೇ. ‘ಪ್ರಬುದ್ಧ ಕರ್ಣಾಟಕ’ 1919ರಲ್ಲಿ ಶುರುವಾದಾಗ ಅದನ್ನು ನಡೆಸಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘ, ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳತ್ವದಲ್ಲಿ. ಮೇಷ್ಟ್ರ ಸಂಬಳದ ಮೇಲೆ ಸಂಪಾದಕನ ಕೆಲಸ. ‘ಕೊರವಂಜಿ’ಯನ್ನು 1942ರಿಂದ 1967ರವರೆಗೆ ನಡೆಸಿದ ರಾಶಿ, ಅಂದ್ರೆ ಎಂ. ಶಿವರಾಂ, ವೃತ್ತಿಯಲ್ಲಿ ಡಾಕ್ಟರು. ಅವರ ಹೊಟ್ಟೆಪಾಡು ನಡೀತಿದ್ದದ್ದು ರೋಗಿಗಳಿಂದ. ಮಾಸ್ತಿಯವರು ಸರ್ಕಾರಿ ಕೆಲಸ ಬಿಟ್ಟ ಮೇಲೆ 1944ರಿಂದ 1965ರವರೆಗೆ ‘ಜೀವನ’ವನ್ನು ನಡೆಸಿದರು. ಇವರನ್ನೆಲ್ಲ ನಾವು ತ್ಯಾಗಿಗಳು ಅಂತ ಹೊಗಳ್ತೀವಿ. ಹೊಗಳಬೇಕಾದ್ದೇ. ಆದರೆ ಲೆಕ್ಕದ ಪುಸ್ತಕದ ಕಣ್ಣಲ್ಲಿ ನೋಡಿದರೆ, ಆ ಪತ್ರಿಕೆಗಳಲ್ಲಿ ಸಂಪಾದಕನ ಕೂಲಿ ಅನ್ನೋ ಖರ್ಚನ್ನು ಬರೆದೇ ಇಲ್ಲ. ಲೇಖಕನಿಗೆ ಗೌರವಪ್ರತಿ. ಚಂದಾ ಕೂಡಿಸೋದು ಗೆಳೆಯರು. ಅಂಚೆ ಹಚ್ಚೋದು ಮನೆಮಂದಿ.

ಇಷ್ಟೆಲ್ಲ ಬಿಟ್ಟಿ ನಡೆದರೂ ಒಬ್ಬನಿಗೆ ಮಾತ್ರ ಬಿಟ್ಟಿ ಕೆಲಸ ಮಾಡೋಕೆ ಆಗ್ತಿರಲಿಲ್ಲ. ಅವನು ಕಾಂಪೋಸಿಟರ್, ಮೊಳೆ ಜೋಡಿಸೋನು. ಅವನಿಗೆ ಬೇರೆ ನೌಕರಿ ಇರಲಿಲ್ಲ.

ಅಪ್ಪನ ಕೆಲಸ ಹೇಗಿತ್ತು ಅಂತ ಈಗಿನವರಿಗೆ ಸ್ವಲ್ಪ ಹೇಳಬೇಕು. ಮುಂದೆ ಇಳಿಜಾರಾಗಿ ನಿಲ್ಲಿಸಿದ ಮರದ ಕೇಸು, ಅದರ ತುಂಬ ಸಣ್ಣಸಣ್ಣ ಮನೆಗಳು. ಒಂದೊಂದು ಮನೆಯಲ್ಲಿ ಒಂದೊಂದು ಅಕ್ಷರದ ಸೀಸದ ಮೊಳೆ. ಇಂಗ್ಲಿಷಿನವರಿಗೆ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಅಷ್ಟಿದ್ದರೆ ಮುಗೀತು. ಕನ್ನಡಕ್ಕೆ ಗುಣಿತಾಕ್ಷರ ಬೇಕು, ಒತ್ತಕ್ಷರ ಬೇಕು, ಅರ್ಕಾವೊತ್ತು ಬೇಕು. ನೂರಾರು ಮನೆ. ಎಡಗೈಲಿ ಸ್ಟಿಕ್ಕು ಹಿಡಿದು, ಹಸ್ತಪ್ರತಿಯ ಮೇಲೆ ಕಣ್ಣಿಟ್ಟು, ಬಲಗೈಲಿ ನೋಡದೇ ಮೊಳೆ ಎತ್ತಬೇಕು. ಮೊಳೆಯಲ್ಲಿ ಅಕ್ಷರ ತಿರುಗುಮುರುಗು. ಅಪ್ಪ ಕನ್ನಡಿಯಲ್ಲಿ ಕಾಣೋ ಅಕ್ಷರವನ್ನು ನೇರ ಅಕ್ಷರಕ್ಕಿಂತ ಬೇಗ ಓದ್ತಿದ್ದ. ಸಾಲು ತುಂಬಿದ ಮೇಲೆ ಸಂದಿಗೆ ಸೀಸದ ಪಟ್ಟಿ, ಪುಟ ತುಂಬಿದ ಮೇಲೆ ದಾರ ಸುತ್ತಿ ಗ್ಯಾಲಿಗೆ. ಕರಡು ತೆಗೆದು, ತಿದ್ದಿ, ಫಾರಂ ಕಟ್ಟಿ, ಮೆಷಿನ್ನಿಗೆ. ಅಚ್ಚಾದ ಮೇಲೆ ಕೆಲಸ ಮುಗೀಲಿಲ್ಲ. ಆ ಮೊಳೆಗಳನ್ನೆಲ್ಲ ತೊಳೆದು ಒಂದೊಂದಾಗಿ ವಾಪಸ್ ಅದರದರ ಮನೆಗೆ ಹಾಕಬೇಕು. ಅದಕ್ಕೆ ಡಿಸ್ಟ್ರಿಬ್ಯೂಷನ್ ಅಂತಿದ್ರು. ಅಪ್ಪ ಜೋಡಿಸಿದ್ದನ್ನು ಅಪ್ಪನೇ ಬಿಚ್ಚಬೇಕು. ಪುಸ್ತಕದಲ್ಲಿ ಜೋಡಿಸಿದ ಪುಟದ ಲೆಕ್ಕ ಇದೆ, ಬಿಚ್ಚಿದ್ದಕ್ಕೆ ಲೆಕ್ಕ ಇಲ್ಲ.

ಆ ಪ್ರೆಸ್ಸಿನಲ್ಲಿ ಮದುವೆ ಕಾರ್ಡು, ಬಿಲ್ ಪುಸ್ತಕ, ಸ್ಮರಣ ಸಂಚಿಕೆ ಎಲ್ಲ ಆಗ್ತಿತ್ತು. ಜೊತೆಗೆ ಒಂದು ಸಾಹಿತ್ಯ ಮಾಸಿಕ. 64 ಪುಟ, 1,000 ಪ್ರತಿ. ಅದರ ಹೆಸರು ಬೇಡ. ನಡೆಸ್ತಿದ್ದವರು ಒಳ್ಳೆಯ ಜನ. 1969ರಲ್ಲಿ ಬೆಲೆ 75 ಪೈಸೆ. ಆಗ ಅಪ್ಪನ ಸಂಬಳ ತಿಂಗಳಿಗೆ 90 ರೂಪಾಯಿ, ದಿನಕ್ಕೆ ಸುಮಾರು ಮೂರೂವರೆ. ಅಪ್ಪನ ಕೈಗೆ ದಿನಕ್ಕೆ ಐದಾರು ಪುಟ. 64 ಪುಟಕ್ಕೆ ಒಬ್ಬ ಮನುಷ್ಯನ 11 ದಿನ. ಅಂದ್ರೆ ಒಂದು ಸಂಚಿಕೆ ಜೋಡಿಸೋ ಕೂಲಿ ಸುಮಾರು 38 ರೂಪಾಯಿ. 1,000 ಪ್ರತಿಗೆ ಹಂಚಿದರೆ ಪ್ರತಿಗೆ 4 ಪೈಸೆಗೂ ಕಡಿಮೆ. 75 ಪೈಸೆಯಲ್ಲಿ ನೂರಕ್ಕೆ 5.

ಪುಸ್ತಕದ ಕೊನೆಯ ಪುಟಗಳಿಗೆ ಬಂದೆ. 1991ರಲ್ಲಿ ಸಂಬಳ 1,100. ದಿನಕ್ಕೆ 42 ರೂಪಾಯಿ ಚಿಲ್ಲರೆ. ಅದೇ 64 ಪುಟ, ಅದೇ 11 ದಿನ. 465 ರೂಪಾಯಿ. ಪತ್ರಿಕೆಯ ಬೆಲೆ ಆಗ 5 ರೂಪಾಯಿ. ಪ್ರತಿಗಳು ಮಾತ್ರ ಅವೇ 1,000. ಪ್ರತಿಗೆ 46 ಪೈಸೆ, ನೂರಕ್ಕೆ 9.

ಇಲ್ಲಿ ಒಂದು ವಿಷಯ ಗಮನಿಸಿ. ಅಪ್ಪನ ಬೆರಳು 1969ಕ್ಕಿಂತ 1991ರಲ್ಲಿ ನಿಧಾನವಾಗಿರಲಿಲ್ಲ, ಬೇಗವೂ ಆಗಿರಲಿಲ್ಲ. ಮೊಳೆ ಎತ್ತೋದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಬೇಕು. ಅಕ್ಕಿ, ಬಾಡಿಗೆ, ಬಸ್ ಚಾರ್ಜು ಏರಿದ ಹಾಗೆ ಸಂಬಳ ಏರಲೇಬೇಕು. ಕೆಲಸದ ವೇಗ ಏರಲಿಲ್ಲ, ಓದುಗರ ಸಂಖ್ಯೆಯೂ ಏರಲಿಲ್ಲ. ಹಾಗಾದಾಗ ಕೂಲಿಯ ಪಾಲು ತಾನೇ ದಪ್ಪ ಆಗ್ತಾ ಹೋಗುತ್ತೆ.

ದೊಡ್ಡ ಪತ್ರಿಕೆಗಳಿಗೆ ಈ ಬಾಧೆ ಇಷ್ಟು ತಟ್ಟಲಿಲ್ಲ. ‘ಸುಧಾ’ 1965ರ ಜನವರಿಯಲ್ಲಿ ಶುರುವಾಯ್ತು, ‘ಮಯೂರ’ 1968ರಲ್ಲಿ, ಮಣಿಪಾಲದಿಂದ ‘ತರಂಗ’ 1983ರಲ್ಲಿ. ಒಂದು ಪುಟ ಜೋಡಿಸೋದಕ್ಕೆ ಆಗೋ ಖರ್ಚು, ಆ ಪುಟ ಸಾವಿರ ಪ್ರತಿಯಾದರೂ ಅಷ್ಟೇ, ಲಕ್ಷ ಪ್ರತಿಯಾದರೂ ಅಷ್ಟೇ. ಪ್ರತಿ ಹೆಚ್ಚಾದಷ್ಟೂ ಕಾಂಪೋಸಿಟರನ ಪಾಲು ಕರಗಿ, ಕಾಗದದ ಖರ್ಚು ಮೇಲೆ ಬರುತ್ತೆ. ಜೊತೆಗೆ ಜಾಹೀರಾತು. 1980ರಲ್ಲಿ ಬಂದ ‘ಲಂಕೇಶ್ ಪತ್ರಿಕೆ’ ಜಾಹೀರಾತನ್ನೇ ಬೇಡ ಅಂದಿತು. ಅಲ್ಲಿ ವರದಿಗಾರನ ಸಂಬಳವೂ ಮೊಳೆಯವನ ಕೂಲಿಯೂ ಓದುಗ ಕೊಟ್ಟ ಕಾಸಿನಿಂದಲೇ ಹುಟ್ಟಬೇಕು. ಅದು ಸಾಧ್ಯವಾಗಿದ್ದು ಅಷ್ಟು ಜನ ಕೊಂಡು ಓದಿದ್ದರಿಂದ. 1,000 ಪ್ರತಿಯ ಮಾಸಿಕಕ್ಕೆ ಆ ದಾರಿ ಇರಲಿಲ್ಲ.

ಕಾನೂನು ಇರಲಿಲ್ಲವಾ ಅಂತ ಮಗಳು ಕೇಳಿದಳು. ಇತ್ತು. ಚೆನ್ನಾಗಿಯೇ ಇತ್ತು. 1955ರಲ್ಲಿ ಕಾರ್ಯನಿರತ ಪತ್ರಕರ್ತರ ಕಾಯಿದೆ ಬಂತು. ಮರುವರ್ಷ ದಿವಾಟಿಯಾ ಅವರ ಅಧ್ಯಕ್ಷತೆಯಲ್ಲಿ ಮೊದಲ ವೇತನ ಮಂಡಳಿ. ಅದು ನಿಗದಿ ಮಾಡಿದ ವೇತನವನ್ನು 1958ರಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು. ಪತ್ರಿಕೆಗಳಿಗೆ ಕೊಡೋ ಶಕ್ತಿ ಇದೆಯಾ ಅಂತ ಮಂಡಳಿ ನೋಡಿಲ್ಲ ಅನ್ನೋದು ಕಾರಣ. ಆಮೇಲೆ ಶಿಂದೆ ಮಂಡಳಿ. 1974ರಲ್ಲಿ ಕಾಯಿದೆ ತಿದ್ದುಪಡಿಯಾಗಿ ಪತ್ರಿಕಾ ಸಂಸ್ಥೆಗಳ ಪತ್ರಕರ್ತರಲ್ಲದ ನೌಕರರೂ ಒಳಗೆ ಬಂದರು. 1980ರಲ್ಲಿ ಪಾಲೇಕರ್, 1989ರಲ್ಲಿ ಬಚಾವತ್, 2000ದಲ್ಲಿ ಮಣಿಸಾನ, 2011ರಲ್ಲಿ ಮಜೀಠಿಯಾ. ಒಂದೊಂದು ಹೆಸರೂ ಪತ್ರಿಕಾ ಕಚೇರಿಗಳಲ್ಲಿ ಹಬ್ಬದ ಹೆಸರಿನ ಹಾಗೆ ಕೇಳಿಸ್ತಿತ್ತು. ಮಜೀಠಿಯಾ ಶಿಫಾರಸನ್ನು ಮಾಲೀಕರು ಕೋರ್ಟಿಗೆ ಒಯ್ದರು. 2014ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಗುತ್ತಿಗೆ ನೌಕರರಿಗೂ ಅನ್ವಯ ಅಂತ 2017ರ ಜೂನ್‌ನಲ್ಲಿ ಮತ್ತೆ ಹೇಳಬೇಕಾಯ್ತು.

ಇದೆಲ್ಲ ಅನ್ವಯಿಸಿದ್ದು ‘ಪತ್ರಿಕಾ ಸಂಸ್ಥೆ’ಗಳ ಪಟ್ಟಿಯಲ್ಲಿದ್ದವರಿಗೆ. ನಮ್ಮ ಅಪ್ಪ ಪತ್ರಿಕಾ ಸಂಸ್ಥೆಯ ನೌಕರ ಆಗಿರಲಿಲ್ಲ. ಅವನು ಜಾಬ್ ವರ್ಕ್ ಪ್ರೆಸ್ಸಿನ ನೌಕರ. ಮಾಸಿಕದವರು ಪ್ರೆಸ್ಸಿಗೆ ಬಿಲ್ಲು ಕಟ್ಟೋ ಗಿರಾಕಿ ಅಷ್ಟೆ. ಪತ್ರಿಕೆಯ ಲೆಕ್ಕದಲ್ಲಿ ಅಪ್ಪ ‘ಮುದ್ರಣ ವೆಚ್ಚ’ ಅನ್ನೋ ಸಾಲಿನೊಳಗೆ, ಶಾಯಿಯ ಪಕ್ಕ, ಕಾಗದದ ಪಕ್ಕ ಇದ್ದ. ಎಂ.ಜಿ. ರೋಡಿನ ದೊಡ್ಡ ಕಟ್ಟಡದಲ್ಲಿ ಮೊಳೆ ಜೋಡಿಸೋನಿಗೆ ಒಂದು ಸಂಬಳ, ಚಾಮರಾಜಪೇಟೆಯ ಅಡ್ಡರಸ್ತೆಯಲ್ಲಿ ಜೋಡಿಸೋನಿಗೆ ಇನ್ನೊಂದು. ಇಬ್ಬರ ಕೈಬೆರಳಿಗೂ ಅಂಟಿದ್ದು ಅದೇ ಸೀಸ. ಅಪ್ಪನಿಗೆ ಇದ್ದದ್ದು ಕನಿಷ್ಠ ವೇತನ ಕಾಯಿದೆಯ ಆಸರೆ. ಅದೂ ರಿಜಿಸ್ಟರಿನಲ್ಲಿ ಹೆಸರಿದ್ದರೆ.

ರಿಜಿಸ್ಟರಿನ ಮಾತು ಬಂತಲ್ಲ. ಆ ಪ್ರೆಸ್ಸಿನಲ್ಲಿ ಕೆಲಸ ಮಾಡ್ತಿದ್ದವರು ಹದಿನಾಲ್ಕು ಜನ. ಹಾಜರಿ ಪುಸ್ತಕದಲ್ಲಿ ಒಂಬತ್ತು. ಹತ್ತು ಮುಟ್ಟಿದರೆ ಗ್ರಾಚ್ಯುಟಿ ಕಾಯಿದೆ ಹತ್ರ ಬರುತ್ತೆ ಅನ್ನೋದು ಓನರ್‌ಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿರಲಿಲ್ಲ.

ಈಗ ನನ್ನ ಪಾಲಿನ ಮಾತು. ಇದನ್ನು ಮೂವತ್ತು ವರ್ಷ ಯಾರಿಗೂ ಹೇಳಿಲ್ಲ.

1990ರಲ್ಲಿ ಪಿಯುಸಿ ಮುಗಿಸಿ ಸುಮ್ಮನೆ ತಿರುಗ್ತಿದ್ದೆ. ರಾಜಾಜಿನಗರದಲ್ಲಿ ಒಂದು ಡಿಟಿಪಿ ಸೆಂಟರ್ ಶುರುವಾಗಿತ್ತು. ಕಂಪ್ಯೂಟರಿನಲ್ಲಿ ಕನ್ನಡ ಅಂದ್ರೆ ಆಗ ಜನ ಚಪ್ಪಲಿ ಬಿಚ್ಚಿ ಒಳಗೆ ಬರ್ತಿದ್ರು. ನಾನು ಟೈಪಿಂಗ್ ಕಲ್ತೆ. ಎರಡು ತಿಂಗಳಲ್ಲಿ ದಿನಕ್ಕೆ 20 ಪುಟ ಹೊಡೀತಿದ್ದೆ. ಅಪ್ಪನ ಓನರ್ರೇ ಒಂದು ಕಂಪ್ಯೂಟರು ತಂದರು. ಆಪರೇಟರ್ ಬೇಕು ಅಂದಾಗ, “ನನ್ ಮಗ ಕಲ್ತವ್ನೆ ಸ್ವಾಮಿ” ಅಂತ ಹೇಳಿದ್ದು ಅಪ್ಪನೇ. ಹೆಮ್ಮೆಯಿಂದ ಹೇಳಿದ. ತಿಂಗಳಿಗೆ 900 ರೂಪಾಯಿಗೆ ಸೇರ್ಕೊಂಡೆ. ಅಪ್ಪ ಹೊರಗಿನ ಹಾಲ್‌ನಲ್ಲಿ ಕೇಸಿನ ಮುಂದೆ ನಿಂತಿರ್ತಿದ್ದ, ನಾನು ಗಾಜಿನ ಕೋಣೆಯೊಳಗೆ ಫ್ಯಾನ್ ಕೆಳಗೆ.

ಮಾಸಿಕದ ಒಂದು ಸಂಚಿಕೆ ನನ್ನ ಕೈಯಲ್ಲಿ, ತಿದ್ದುಪಡಿ ಸೇರಿ, ನಾಲ್ಕು ದಿನದಲ್ಲಿ ಮುಗೀತು. ನಾಲ್ಕು ದಿನದ ಕೂಲಿ 138 ರೂಪಾಯಿ. ಪ್ರತಿಗೆ 14 ಪೈಸೆ, ನೂರಕ್ಕೆ 3. ಅಪ್ಪನದ್ದು 9 ಇತ್ತು ಅಂದೆನಲ್ಲ, ನಾನು ಅದನ್ನು 3 ಮಾಡಿದೆ. ಪತ್ರಿಕೆಯ ಬೆಲೆ ಇಳೀಲಿಲ್ಲ. ಉಳಿದ 6 ಎಲ್ಲಿಗೆ ಹೋಯ್ತು ಅಂದ್ರೆ ಕಂಪ್ಯೂಟರು, ಲೇಸರ್ ಪ್ರಿಂಟರಿನ ಸಾಲದ ಕಂತಿಗೆ. ಹದಿನಾಲ್ಕು ಜನರ ಮನೆಗೆ ಹೋಗ್ತಿದ್ದ ದುಡ್ಡಿನಲ್ಲಿ ಒಂದು ಭಾಗ ಬ್ಯಾಂಕಿಗೆ ಹೋಗೋಕೆ ಶುರುವಾಯ್ತು.

ಅದೇ ವರ್ಷ ದಸರಾ ಆದ ಮೇಲೆ ಓನರ್ರು ಮೊಳೆ ಮಾರಿದರು. ತೂಕದ ಲೆಕ್ಕದಲ್ಲಿ. ಗುಜರಿಯವರು ಬಂದು ಕೇಸುಗಳನ್ನು ಮಗುಚಿ ಗೋಣಿಚೀಲಕ್ಕೆ ಸುರಿದರು. ಕಕಾರ ಚಕಾರ ಎಲ್ಲ ಒಂದೇ ಚೀಲಕ್ಕೆ. ಆ ಸಂಜೆ ಅಪ್ಪನನ್ನೂ ಇನ್ನಿಬ್ಬರು ಕಾಂಪೋಸಿಟರುಗಳನ್ನೂ ಕರೆದು ಲೆಕ್ಕ ಚುಕ್ತಾ ಮಾಡಿದರು. ಅಪ್ಪನಿಗೆ 4,000 ರೂಪಾಯಿ. ಕಾಯಿದೆ ಪ್ರಕಾರ ಒಂದು ವರ್ಷದ ಕೆಲಸಕ್ಕೆ 15 ದಿನದ ಸಂಬಳ, ಇಪ್ಪತ್ತಾರು ದಿನದ ತಿಂಗಳು ಹಿಡಿದು. 22 ವರ್ಷಕ್ಕೆ 1,100ರ ಮೇಲೆ ಲೆಕ್ಕ ಹಾಕಿದರೆ 13,961 ರೂಪಾಯಿ ಆಗುತ್ತೆ. ಈ ಗುಣಾಕಾರ ನಾನು ಮಾಡಿದ್ದು ಹದಿನೈದು ವರ್ಷ ಆದ ಮೇಲೆ. ಆ ಸಂಜೆ ನಾನು ಗಾಜಿನ ಕೋಣೆಯೊಳಗೆ ಕೂತು ಟೈಪ್ ಮಾಡ್ತಾನೇ ಇದ್ದೆ. ಹೊರಗೆ ಬರಲಿಲ್ಲ. ಅಪ್ಪ ಹೋಗೋವಾಗ ಗಾಜಿನ ಮೇಲೆ ಎರಡು ಸಲ ತಟ್ಟಿ, “ಊಟಕ್ಕೆ ಬೇಗ ಬಾರ್ಲಾ” ಅಂದ.

ಇದೇ ಸಂಗತಿ ಬೇರೆ ಊರುಗಳಲ್ಲಿ ಬೇರೆ ಥರ ಆಗಿದೆ. ನ್ಯೂಯಾರ್ಕಿನ ಕಾಂಪೋಸಿಟರುಗಳ ಸಂಘ 1974ರಲ್ಲಿ ಅಲ್ಲಿನ ಪತ್ರಿಕೆಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಹೊಸ ಯಂತ್ರ ತನ್ನಿ, ಆದರೆ ಈಗ ಇರೋ ನೌಕರರ ಕೆಲಸ ಜೀವಮಾನ ಪೂರ್ತಿ ಉಳೀಬೇಕು ಅಂತ. ಲಂಡನ್ನಿನಲ್ಲಿ 1986ರ ಜನವರಿಯಲ್ಲಿ ಮರ್ಡೋಕ್ ತನ್ನ ಪತ್ರಿಕೆಗಳನ್ನು ರಾತ್ರೋರಾತ್ರಿ ವಾಪಿಂಗ್‌ನ ಹೊಸ ಘಟಕಕ್ಕೆ ಸಾಗಿಸಿದ. ಮುಷ್ಕರ ಹೂಡಿದ ಐದು ಸಾವಿರಕ್ಕೂ ಹೆಚ್ಚು ಮುದ್ರಣ ಕಾರ್ಮಿಕರು ಕೆಲಸ ಕಳ್ಕೊಂಡರು. ಒಂದು ವರ್ಷ ಬೀದಿಯಲ್ಲಿ ಜಗಳ ನಡೀತು. ಚಾಮರಾಜಪೇಟೆಯಲ್ಲಿ ಒಪ್ಪಂದವೂ ಆಗಲಿಲ್ಲ, ಜಗಳವೂ ಆಗಲಿಲ್ಲ. ಮೂರು ಜನ ಇಲ್ಲಿ, ಐದು ಜನ ಅಲ್ಲಿ. ಪ್ರೆಸ್ಸುಗಳು ಚಿಕ್ಕವು, ಮಾಲೀಕರು ಬೇರೆ ಬೇರೆ, ಸಂಘ ಕಟ್ಟೋಕೆ ಒಂದು ಗೇಟು ಅಂತ ಇರಲಿಲ್ಲ. ಕೆಲವರ ಮನೆಯಲ್ಲಿ, ನಮ್ಮನೆಯ ಹಾಗೆ, ಕೆಲಸ ಕಿತ್ಕೊಂಡವನೂ ಕಳ್ಕೊಂಡವನೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರ್ತಿದ್ರು.

ಅಪ್ಪ ಆಮೇಲೆ ಪೀಣ್ಯಕ್ಕೆ ಬಂದ. 1970ರ ದಶಕದಲ್ಲಿ ಎದ್ದ ಕೈಗಾರಿಕಾ ಪ್ರದೇಶ, ಮೂಲೆಮೂಲೆಗೂ ಲೇತು, ಪ್ರೆಸ್ಸಿಂಗು, ಪ್ಲೇಟಿಂಗು. ಅಲ್ಲೊಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಬೈಂಡಿಂಗ್ ವಿಭಾಗಕ್ಕೆ ಸಹಾಯಕನಾಗಿ ಸೇರಿದ. ನಾವು ದಾಸರಹಳ್ಳಿಗೆ ಮನೆ ಬದಲಾಯಿಸಿದ್ದು ಅದಕ್ಕೇ. ಕೆಲವು ವರ್ಷದ ಮೇಲೆ ನಾನೂ ಪೀಣ್ಯ ಎರಡನೇ ಹಂತದ ಒಂದು ಪ್ರೆಸ್ಸಿಗೆ ಬಂದೆ. ನನಗೂ ನನ್ನ ಸರದಿ ಕಾದಿತ್ತು. ಫಿಲ್ಮ್ ಕತ್ತರಿಸಿ ಅಂಟಿಸೋ ಪೇಸ್ಟಿಂಗ್‌ನವರು ಮೂರು ಜನ ಇದ್ರು. ಕಂಪ್ಯೂಟರಿನಿಂದ ನೇರ ಪ್ಲೇಟಿಗೆ ಹೋಗೋ ಯಂತ್ರ ಬಂದ ದಿನ ಅವರ ಮೇಜುಗಳನ್ನು ಆಚೆ ಇಟ್ಟರು. ಅವರಲ್ಲೊಬ್ಬರು ಈಗ ಜಾಲಹಳ್ಳಿ ಕ್ರಾಸ್‌ನಲ್ಲಿ ಎಳನೀರು ಮಾರ್ತಾರೆ. ನನ್ನನ್ನು ನೋಡಿದರೆ ಕಾಸು ತಗೊಳ್ಳೋದಿಲ್ಲ.

ಅಷ್ಟರಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೇ ಆಯ್ತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಕನ್ನಡಕ್ಕೆ ಆದ ದೊಡ್ಡ ಉಪಕಾರ ಅದು, ಎರಡು ಮಾತಿಲ್ಲ. ಈ ಅಂಕಣ ಬರೀತಿರೋದೂ ಅಂಥ ತಂತ್ರಾಂಶದ ಪುಣ್ಯದಿಂದಲೇ. ಆದರೆ ಆವತ್ತಿನಿಂದ ಲೇಖಕರು ತಾವೇ ಟೈಪ್ ಮಾಡಿ ಕಳಿಸೋಕೆ ಶುರುಮಾಡಿದರು. ಮೊದಮೊದಲು ‘ಸಾಧ್ಯವಾದರೆ’ ಅಂತಿತ್ತು. ಈಗ ಕೈಬರಹ ಕಳಿಸಿದರೆ ಪತ್ರಿಕೆಗಳು ತೆರೆದು ನೋಡೋದೂ ಕಷ್ಟ. ಅಪ್ಪ 11 ದಿನ ಮಾಡ್ತಿದ್ದ, ನಾನು 4 ದಿನ ಮಾಡ್ತಿದ್ದ ಕೆಲಸವನ್ನು ಈಗ ಕಥೆಗಾರರು, ಕವಿಗಳು, ಮೇಷ್ಟ್ರುಗಳು ರಾತ್ರಿ ಊಟ ಆದ ಮೇಲೆ ಮನೆಯಲ್ಲಿ ಕೂತು ಬಿಟ್ಟಿ ಮಾಡ್ತಾರೆ. ಮೊಳೆ ಜೋಡಿಸೋ ಕೂಲಿ ಎಲ್ಲಿಗೂ ಹೋಗಲಿಲ್ಲ. ಅದು ಲೇಖಕರ ಬೆರಳಿಗೆ ದಾಟಿತು.

ಕರಡು ತಿದ್ದೋದು ಮಾತ್ರ ಯಾರಿಗೂ ದಾಟಲಿಲ್ಲ. ಒಂದು ಪುಟ ಕಣ್ಣಿಟ್ಟು ಓದೋಕೆ 1843ರಲ್ಲಿ ಎಷ್ಟು ಹೊತ್ತು ಬೇಕಿತ್ತೋ ಈಗಲೂ ಅಷ್ಟೇ ಬೇಕು. ಅದನ್ನು ವೇಗ ಮಾಡೋಕೆ ಆಗಲಿಲ್ಲ, ಹಾಗಾಗಿ ಕರಡು ತಿದ್ದೋನನ್ನೇ ತೆಗೆದರು. ಈಚಿನ ಪುಸ್ತಕ, ಪತ್ರಿಕೆಗಳಲ್ಲಿ ‘ಅ’ಕಾರ ‘ಹ’ಕಾರ ಅದಲುಬದಲಾಗಿದ್ದನ್ನು ನೋಡಿ ನೀವು ಬೈಕೊಂಡಿರ್ತೀರಿ. ಕನ್ನಡ ಹಾಳಾಯ್ತು ಅಂತ ಬೈತೀವಿ. ಹಾಳಾದದ್ದು ಒಂದು ಸಂಬಳ.

ಇನ್ನು ವೈಟ್‌ಫೀಲ್ಡಿನ ವಿಚಾರ. ಕೂಲಿ ದಾಟಿಕೊಂಡು ಹೋಗೋದು ನಮ್ಮ ಊರಲ್ಲಿ ಮಾತ್ರ ನಡೆದದ್ದಲ್ಲ. 2004ರಲ್ಲಿ ರಾಯಿಟರ್ಸ್ ಸಂಸ್ಥೆ ಬೆಂಗಳೂರಿನಲ್ಲಿ ಸುದ್ದಿಕೋಣೆ ತೆರೆದು, ಅಮೆರಿಕದ ಕಂಪನಿಗಳ ಲಾಭನಷ್ಟದ ಸುದ್ದಿಯನ್ನು ಇಲ್ಲಿಂದ ಬರೆಸೋಕೆ ಶುರುಮಾಡಿತು. 2007ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ಅನ್ನೋ ಊರಿನ ಸುದ್ದಿತಾಣದ ಮಾಲೀಕ, ಆ ಊರಿನ ನಗರಸಭೆಯ ಸುದ್ದಿ ಬರೆಯೋಕೆ ಮುಂಬೈಯಲ್ಲಿ ಒಬ್ಬರನ್ನು, ಬೆಂಗಳೂರಿನಲ್ಲಿ ಒಬ್ಬರನ್ನು ನೇಮಿಸಿಕೊಂಡ. ಸಭೆ ಇಂಟರ್‌ನೆಟ್‌ನಲ್ಲಿ ನೇರ ಬರ್ತಿತ್ತು, ಇಲ್ಲಿಂದ ನೋಡಿ ಬರೀಬೇಕು. ಅಲ್ಲಿನ ಪತ್ರಕರ್ತರು ನಕ್ಕರು, ಸಿಟ್ಟಾದರು. ನ್ಯೂಯಾರ್ಕಿನ ಕಾಂಪೋಸಿಟರುಗಳು ಉಳಿಸಿಕೊಂಡಿದ್ದು ತಮ್ಮ ತಲೆಮಾರಿನ ಕೆಲಸ ಮಾತ್ರ. ಅವರ ನಂತರದ ಕೆಲಸ ಯಂತ್ರಕ್ಕೆ ಹೋದದ್ದು ಸ್ವಲ್ಪ, ಕಡಲು ದಾಟಿದ್ದು ಸ್ವಲ್ಪ. ದಾಟಿದ್ದರಲ್ಲಿ ಒಂದು ತುಣುಕು ನನ್ನ ಮಗಳ ಮೇಜಿನ ಮೇಲಿದೆ. ಅವಳು ತೋರಿಸಿದ ಅಮೆರಿಕದ ಗೆರೆ ಇಳಿದ ಕಡೆ, ಅವಳ ಸಂಬಳ ಹುಟ್ಟಿರಬಹುದು.

ಅವಳ ಸಂಬಳದಲ್ಲಿ ನಮ್ಮ ಮನೆಯ ಸಾಲ ತೀರಿತು. ಅದನ್ನು ಹೇಳದೇ ಇದ್ದರೆ ಈ ಬರಹ ಸುಳ್ಳಾಗುತ್ತೆ. ಅದೇ ಕೆಲಸವನ್ನು ಕನ್ನಡಕ್ಕೆ ನಾನು ಈಗಲೂ ಮಾಡ್ತೀನಿ. ಒಂದು ಮಾಸಿಕದ 64 ಪುಟ ವಿನ್ಯಾಸ ಮಾಡಿಕೊಡ್ತೀನಿ, ಸಂಚಿಕೆಗೆ 3,000 ರೂಪಾಯಿ. ಬೆಲೆ 50 ರೂಪಾಯಿ, ಪ್ರತಿ ಮತ್ತೆ ಅದೇ 1,000. ಪ್ರತಿಗೆ 3 ರೂಪಾಯಿ, ನೂರಕ್ಕೆ 6. ಟೈಪಿಂಗ್ ಲೇಖಕರದ್ದು, ಕರಡು ಸಂಪಾದಕರ ಹೆಂಡತಿಯವರದ್ದು, ಎರಡಕ್ಕೂ ಕಾಸಿಲ್ಲ. ಅವರ ಮಾಸಿಕ ನಿಂತುಹೋಗಬಾರದು ಅಂತ ನಾನೂ ಐದು ವರ್ಷದಿಂದ ರೇಟು ಏರಿಸಿಲ್ಲ. ತ್ಯಾಗಿಗಳ ಪಟ್ಟಿಗೆ ನಾನೂ ಸೇರಿದೆನೇನೋ. ಆದರೆ ನನ್ನ ತ್ಯಾಗದ ದುಡ್ಡು ಬರ್ತಿರೋದು ವೈಟ್‌ಫೀಲ್ಡಿನಿಂದ. ಮೋಗ್ಲಿಂಗರಿಗೆ ಮಿಷನ್ನು, ರಾಶಿಯವರಿಗೆ ರೋಗಿಗಳು, ನನಗೆ ಮಗಳು.

ದೀಪಾವಳಿಯ ಆ ರಾತ್ರಿ ಮಗಳು ನಾಲ್ಕು ಅಂಕಿಗಳನ್ನು ಎಕ್ಸೆಲ್ಲಿಗೆ ಹಾಕಿದಳು. 1969ಕ್ಕೆ 5. 1991ಕ್ಕೆ 9, ಅದೇ ವರ್ಷ ಕಂಪ್ಯೂಟರ್ ಬಂದ ಮೇಲೆ 3. ಈಗ 6. ಗೆರೆ ಎಳೆದಳು. ಚಿಕ್ಕ ಗುಡ್ಡ, ಚಿಕ್ಕ ಹಳ್ಳ, ಮತ್ತೆ ಅರ್ಧ ಗುಡ್ಡ. ಒಂದು ಪ್ರೆಸ್ಸಿನ, ಒಂದು ಮನೆಯ ಗೆರೆ. ಇದರಿಂದ ಕನ್ನಡ ಪತ್ರಿಕೋದ್ಯಮದ ಬಗ್ಗೆ ಏನನ್ನೂ ಸಾಬೀತು ಮಾಡೋಕಾಗಲ್ಲ ಅಂತ ಅವಳೇ ಹೇಳಿದಳು.

ಅಮ್ಮ ಮೂಲೆಯಲ್ಲಿ ಕೂತು ಬತ್ತಿ ಹೊಸೀತಿದ್ದಳು. “ಅದರಲ್ಲಿ ಮಡಚಿದ್ದು ಸೇರ್ಸಿದ್ಯಾ?” ಅಂದಳು.

ಮರೆತೇಬಿಟ್ಟಿದ್ದೆ. ಅಚ್ಚಾದ ಫಾರಂಗಳು ನಮ್ಮ ಮನೆಗೇ ಬರ್ತಿದ್ದವು, ಅಪ್ಪನ ಸೈಕಲ್ ಕ್ಯಾರಿಯರಿನ ಮೇಲೆ. 16 ಪುಟದ ಒಂದು ಫಾರಂ ಮೂರು ಮಡಿಕೆ. 64 ಪುಟಕ್ಕೆ ನಾಲ್ಕು ಫಾರಂ. 1,000 ಪ್ರತಿ ಅಂದ್ರೆ 4,000 ಹಾಳೆ, 12,000 ಮಡಿಕೆ. ಅಡುಗೆ ಮುಗಿಸಿ ಅಮ್ಮ ನೆಲದ ಮೇಲೆ ಹರಡಿಕೊಂಡು ಕೂರ್ತಿದ್ದಳು. ಬಿದಿರಿನ ಕಡ್ಡಿಯಿಂದ ಮಡಿಕೆ ಒತ್ತೋದು ನನ್ನ ಮತ್ತು ನನ್ನ ತಂಗಿಯ ಕೆಲಸ. ಅಪ್ಪನ ಪುಸ್ತಕದಲ್ಲಿ ಅದರದ್ದು ಒಂದು ಸಾಲೂ ಇಲ್ಲ. ಅದು ಅಪ್ಪನ ಲೆಕ್ಕ, ಅಮ್ಮನದ್ದಲ್ಲ.

“ಎಷ್ಟು ಕೊಡ್ತಿದ್ರಜ್ಜಿ?”

“ಸಾವಿರ ಹಾಳೆಗೆ ಒಂದೂವರೆ ರೂಪಾಯಿ. ಮಸಿ ಆದ್ರೆ ಮುರ್ಕೋತಿದ್ರು.”

ಮಗಳು ಹೊಸ ಸಾಲು ಸೇರಿಸಿದಳು. ನಾಲ್ಕು ಸಾವಿರಕ್ಕೆ 6 ರೂಪಾಯಿ. 1,000 ಪ್ರತಿಗೆ ಹಂಚಿದಳು. ಪರದೆಯ ಮೇಲೆ 0.01 ಅಂತ ಬಂತು.

“ಇದು ತಪ್ಪು, ಜಾಸ್ತಿ ತೋರಿಸ್ತಿದೆ,” ಅಂದಳು. “0.006 ಆಗಬೇಕು.” ಮೌಸ್ ಒತ್ತಿ ದಶಾಂಶದ ಇನ್ನೊಂದು ಸ್ಥಾನ ತೆರೆದಳು.